ಕಟ್ಟೋಕೆ ದುಡ್ಡಿದೆ, ನಡೆಸೋಕೆ? ಸರ್ಕಾರಿ ಡಿಜಿಟಲ್ ಸೇವೆಗೆ ಹಣ ಬರುವ ದಾರಿಗಳು

ನಮ್ಮ ಕಡೆಯ ಒಂದು ಸರ್ಕಾರಿ ಕಚೇರಿಯ ವರಾಂಡದಲ್ಲಿ ಆಳೆತ್ತರದ ಟಚ್‌ಸ್ಕ್ರೀನ್ ಯಂತ್ರವೊಂದು ನಿಂತಿದೆ. ಬಂದ ಹೊಸದರಲ್ಲಿ ಅರ್ಜಿ ನಂಬರ್ ಒತ್ತಿದರೆ ಕಡತ ಯಾರ ಟೇಬಲ್ ಮೇಲಿದೆ ಅಂತ ತೋರಿಸುತ್ತಿತ್ತು. ಕೆಲಸ ಇಲ್ಲದವರೂ ಒಂದು ಸಲ ಮುಟ್ಟಿ ನೋಡಿ ಹೋಗುತ್ತಿದ್ದರು. ಕಳೆದ ಸಲ ಹೋದಾಗ ಅದರ ಮುಖಕ್ಕೆ ಯಾವುದೋ ಸೊಸೈಟಿಯ ಕ್ಯಾಲೆಂಡರ್ ನೇತುಹಾಕಿದ್ದರು. ಯಂತ್ರದ ಪ್ಲಗ್ ಕಿತ್ತು ಆ ಪಾಯಿಂಟ್‌ಗೆ ಟೇಬಲ್ ಫ್ಯಾನ್ ಹಾಕಿದ್ದರು.

"ಯಾಕೆ ಸಾರ್, ಕೆಟ್ಟಿದೆಯಾ?" ಅಂದೆ.

"ಕೆಟ್ಟಿಲ್ಲ. ಎಎಂಸಿ ಮುಗಿದಿದೆ. ರಿನ್ಯೂ ಮಾಡಿಸೋಕೆ ಹೆಡ್ ಇಲ್ಲ" ಅಂದರು ಗುಮಾಸ್ತರು, ಫ್ಯಾನನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಾ.

ಎಎಂಸಿ ಅಂದರೆ ವರ್ಷವರ್ಷದ ನಿರ್ವಹಣೆ ಒಪ್ಪಂದ. ಹೆಡ್ ಅಂದರೆ ಲೆಕ್ಕ ಶೀರ್ಷಿಕೆ. ಸರ್ಕಾರದಲ್ಲಿ ಒಂದು ರೂಪಾಯಿ ಖರ್ಚು ಮಾಡಬೇಕಾದರೂ ಬಜೆಟ್‌ನಲ್ಲಿ ಅದಕ್ಕೊಂದು ಶೀರ್ಷಿಕೆ ಇರಬೇಕು. ಆ ಯಂತ್ರ ಕೊಳ್ಳಲು ಶೀರ್ಷಿಕೆ ಇತ್ತು. ಅದನ್ನು ನಡೆಸಲು ಇರಲಿಲ್ಲ. ಕೊಳ್ಳುವ ದುಡ್ಡು ಯಾವುದೋ ಯೋಜನೆಯಿಂದ ಬಂತು, ಯೋಜನೆ ಮುಗಿಯಿತು, ಯಂತ್ರ ಕ್ಯಾಲೆಂಡರ್ ಹಾಕುವ ಮೊಳೆಯಾಯಿತು.

ಸರ್ಕಾರಿ ಸೇವೆಯನ್ನು ಡಿಜಿಟಲ್ ಮಾಡಲು ದುಡ್ಡು ಎಲ್ಲಿ ಸಿಗುತ್ತದೆ ಎಂದು ಕೇಳುವವರು ಬಹಳ ಜನ. ಸ್ಟಾರ್ಟಪ್ ಶುರು ಮಾಡಿದ ಹುಡುಗರು ಕೇಳುತ್ತಾರೆ. ಉತ್ಸಾಹ ಇರುವ ಪಿಡಿಒಗಳು ಕೇಳುತ್ತಾರೆ. ತಾಲ್ಲೂಕು ಆಸ್ಪತ್ರೆಯ ಡಾಕ್ಟರ್‌ಗಳೂ ಕೇಳುತ್ತಾರೆ. ದಾರಿಗಳೇನೋ ಇವೆ, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿಯೇ ಇವೆ. ಆದರೆ ಒಂದೊಂದು ದಾರಿಯಲ್ಲಿ ಬರುವ ದುಡ್ಡಿಗೂ ಒಂದೊಂದು ಗುಣ ಇರುತ್ತದೆ. ಕೆಲವು ದುಡ್ಡು ಯಂತ್ರ ಕೊಡಿಸುತ್ತದೆ, ಸಂಬಳ ಕೊಡುವುದಿಲ್ಲ. ಕೆಲವು ದುಡ್ಡು ಪ್ರಯೋಗ ಮಾಡಿಸುತ್ತದೆ, ಆರ್ಡರ್ ಕೊಡಿಸುವುದಿಲ್ಲ. ಇದು ಗೊತ್ತಿಲ್ಲದೆ ಅರ್ಜಿ ಹಾಕಿದವರು ದುಡ್ಡು ಸಿಕ್ಕ ಮೇಲೂ ಸಿಕ್ಕಿಹಾಕಿಕೊಳ್ಳುತ್ತಾರೆ.

ಹದಿನೈದು ರೂಪಾಯಿಯ ಪಹಣಿ

ಇದಕ್ಕೆ ಒಳ್ಳೆಯ ಪಾಠ ನಮ್ಮಲ್ಲೇ ಇದೆ. ಅದು "ಭೂಮಿ", ಪಹಣಿಯನ್ನು ಕಂಪ್ಯೂಟರ್‌ನಲ್ಲಿ ತೆಗೆದುಕೊಡುವ ರಾಜ್ಯದ ಯೋಜನೆ.

ಈಗಿನ ಹುಡುಗರಿಗೆ ಮೊಬೈಲ್‌ನಲ್ಲೇ ಪಹಣಿ ಕಾಣುತ್ತದೆ. ಮೊದಲು ಹಾಗಿರಲಿಲ್ಲ. ಪಹಣಿ ಕೈಬರಹದ್ದು, ಅದು ಇರುವುದು ಗ್ರಾಮ ಲೆಕ್ಕಿಗರ ಕೈಯಲ್ಲಿ. ರಾಜ್ಯದಲ್ಲಿ ಅಂಥ ಸುಮಾರು 9,000 ಲೆಕ್ಕಿಗರಿದ್ದರು. ಪಹಣಿ ಬೇಕಿದ್ದರೆ ಅವರು ಸಿಗಬೇಕು, ಸಿಕ್ಕಿದರೂ ಮನಸ್ಸು ಮಾಡಬೇಕು. ಸರ್ಕಾರದ ಶುಲ್ಕ 2 ರೂಪಾಯಿ ಅಂತ ಇದ್ದರೂ ರೈತ ಕೊಡುತ್ತಿದ್ದ ದುಡ್ಡೇ ಬೇರೆ. ನಮ್ಮ ತಾತ ಪಹಣಿ ತರಲು ಹೊರಟರೆ ಬುತ್ತಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಒಂದೇ ದಿನಕ್ಕೆ ವಾಪಸ್ ಬರುತ್ತೇನೆ ಎಂಬ ನಂಬಿಕೆ ಅವರಿಗೆ ಇರಲಿಲ್ಲ.

ಭೂ ದಾಖಲೆಗಳನ್ನು ಕಂಪ್ಯೂಟರ್‌ಗೆ ತುಂಬಿಸಬೇಕು ಎಂಬ ಕೇಂದ್ರದ ಯೋಜನೆ 1988-89ರಲ್ಲೇ ಶುರುವಾಗಿತ್ತು. ದುಡ್ಡು ಬರುತ್ತಿತ್ತು, ಕಂಪ್ಯೂಟರ್ ಬರುತ್ತಿತ್ತು. ಆದರೆ ಕೈಬರಹದ ಪಹಣಿಯೂ ಪಕ್ಕದಲ್ಲೇ ನಡೆಯುತ್ತಿದ್ದರೆ ಕಂಪ್ಯೂಟರ್ ದಾಖಲೆಯನ್ನು ಕೇಳುವವರು ಯಾರು? ಹತ್ತು ವರ್ಷ ಅದು ಕುಂಟುತ್ತಲೇ ಇತ್ತು. 1999ರಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಪ್ರಯೋಗ ನಡೆಯಿತು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹೊಣೆ ಹೊತ್ತಿದ್ದರು, ಸಾಫ್ಟ್‌ವೇರ್ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿಯದು. 2002ರ ಹೊತ್ತಿಗೆ ಆಗಿದ್ದ 27 ಜಿಲ್ಲೆಗಳ ಎಲ್ಲ ತಾಲ್ಲೂಕುಗಳಲ್ಲೂ ಭೂಮಿ ಕೇಂದ್ರ ಬಂದಿತ್ತು. ಸುಮಾರು 67 ಲಕ್ಷ ಜಮೀನುದಾರರ 2 ಕೋಟಿ ದಾಖಲೆಗಳು ಕಂಪ್ಯೂಟರ್‌ಗೆ ಸೇರಿದ್ದವು. ಕೈಬರಹದ ಪಹಣಿ ಇನ್ನು ಮೇಲೆ ಕಾನೂನಿನ ಪ್ರಕಾರ ನಡೆಯುವುದಿಲ್ಲ ಎಂದು ಸರ್ಕಾರ ಖಡಾಖಂಡಿತವಾಗಿ ಹೇಳಿತು. ಹಿಂದಿನ ಬಾಗಿಲು ಮುಚ್ಚಿದ ಮೇಲೆ ಜನ ಮುಂದಿನ ಬಾಗಿಲಿಗೆ ಬಂದರು.

ಕೌಂಟರ್‌ನಲ್ಲಿ ಎರಡು ಪರದೆ. ಒಂದು ಒಳಗೆ ಕೂತವರಿಗೆ, ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ ತಿರುಗಿಸಿದ್ದು. ತನ್ನ ಸರ್ವೆ ನಂಬರಿಗೆ ಏನು ಹೊಡೆಯುತ್ತಿದ್ದಾರೆ ಅಂತ ಅವನಿಗೂ ಕಾಣಬೇಕು. ಒಳಗಿನ ಸಿಬ್ಬಂದಿ ಲಾಗಿನ್ ಆಗಲು ಬೆರಳಚ್ಚು ಕೊಡಬೇಕು. ಮ್ಯುಟೇಶನ್ ಅಂದರೆ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಮುಂದೆ ಹೋಗಬೇಕು. ಆ ಕಾಲಕ್ಕೆ ಇದೆಲ್ಲ ಹೊಸದು.

ನನ್ನ ಕಣ್ಣಿಗೆ ಇದೆಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಪಹಣಿಯ ಶುಲ್ಕವನ್ನು 15 ರೂಪಾಯಿ ಮಾಡಿದ್ದು. ಕಟ್ಟುವ ಖರ್ಚಿಗೆ ಕೇಂದ್ರದ ದುಡ್ಡೂ ರಾಜ್ಯದ ದುಡ್ಡೂ ಬಂತು. ನಡೆಸುವ ಖರ್ಚು ಈ 15 ರೂಪಾಯಿಯಿಂದಲೇ ಹೊರಡಬೇಕು ಎಂಬುದು ಲೆಕ್ಕ. ಸುಮ್ನೆ ಒಂದು ಗುಣಾಕಾರ ಮಾಡಿ ನೋಡಿ. ಒಂದು ತಾಲ್ಲೂಕಿನಲ್ಲಿ ದಿನಕ್ಕೆ 100 ಪಹಣಿ ಕೊಟ್ಟರೆ 1,500 ರೂಪಾಯಿ. ತಿಂಗಳಿಗೆ 25 ದಿನ ಅಂದರೂ 37,500. ಇಪ್ಪತ್ತು ವರ್ಷದ ಹಿಂದಿನ ಲೆಕ್ಕದಲ್ಲಿ ಕಾಗದ, ಕಾರ್ಟ್ರಿಡ್ಜ್, ಜನರೇಟರ್ ಡೀಸೆಲ್, ಕಂಪ್ಯೂಟರ್ ಮುಂದೆ ಕೂರುವವರ ದುಡ್ಡು, ಇಷ್ಟಕ್ಕೆ ಅದು ಸಣ್ಣ ಮೊತ್ತವಲ್ಲ. ಪ್ರಿಂಟರ್ ಕೆಟ್ಟರೆ ಬೆಂಗಳೂರಿಗೆ ಕಾಗದ ಬರೆದು ಕಾಯಬೇಕಾಗಿಲ್ಲ.

ಟೀಕೆ ಇಲ್ಲವೇ? ಇದೆ. ಪಹಣಿ ಕೈಗೆ ಬಂದಷ್ಟು ಸಲೀಸಾಗಿ ಮ್ಯುಟೇಶನ್ ಆಗಲಿಲ್ಲ, ಲಂಚ ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಯಿತು ಎನ್ನುವವರಿದ್ದಾರೆ. ಬೆಂಗಳೂರಿನ ಸುತ್ತ ಜಮೀನು ಕೊಳ್ಳುವ ದೊಡ್ಡವರಿಗೆ ಇದು ಜಾಸ್ತಿ ಅನುಕೂಲವಾಯಿತು ಎಂದು ಬರೆದ ಸಂಶೋಧಕರೂ ಇದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಯೋಜನೆ ಇಂದಿಗೂ ಉಸಿರಾಡುತ್ತಿದೆ. ಅದರ ಜೊತೆಗೆ ಹುಟ್ಟಿದ ಎಷ್ಟೋ ಯೋಜನೆಗಳ ಹೆಸರೂ ಈಗ ನೆನಪಿಲ್ಲ.

ದಿಲ್ಲಿಯ ದೊಡ್ಡ ಚೀಲ

ಭೂಮಿಯಂಥ ಕೆಲಸಗಳನ್ನು ದೇಶಕ್ಕೆಲ್ಲ ಹಬ್ಬಿಸಲು ಹೊರಟಾಗ ಕೇಂದ್ರ ಹಿಡಿದ ದಾರಿ ಮಿಷನ್. 2006ರ ಮೇ ತಿಂಗಳಲ್ಲಿ ರಾಷ್ಟ್ರೀಯ ಇ-ಆಡಳಿತ ಯೋಜನೆಗೆ ಒಪ್ಪಿಗೆ ಸಿಕ್ಕಿತು. 27 ಮಿಷನ್ ಯೋಜನೆಗಳು: ಪಾಸ್‌ಪೋರ್ಟ್, ಆದಾಯ ತೆರಿಗೆ, ಭೂ ದಾಖಲೆ, ಪೊಲೀಸ್, ಹೀಗೆ. 2015ರ ಡಿಜಿಟಲ್ ಇಂಡಿಯಾ ಅದರ ಮುಂದಿನ ಅವತಾರ. ಈಗಲೂ ದೊಡ್ಡ ದುಡ್ಡು ಬರುವುದು ಹೀಗೆ, ಒಂದೊಂದು ಸಚಿವಾಲಯದ ಒಂದೊಂದು ಮಿಷನ್ ಆಗಿ. ಭೂ ದಾಖಲೆಯ ಹಳೆ ಯೋಜನೆ 2008ರಲ್ಲಿ ಹೊಸ ರೂಪ ಪಡೆಯಿತು. 2016ರಿಂದ ಅದರ ಪೂರ್ತಿ ಖರ್ಚು ಕೇಂದ್ರದ್ದೇ. 2021ರಿಂದ 2026ರವರೆಗಿನ ಅವಧಿಗೆ ಇಟ್ಟದ್ದು 875 ಕೋಟಿ.

ಈ ಮಿಷನ್‌ಗಳ ಒಳಗೆ ಇಣುಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಬೇಕು. ಪತ್ರಿಕೆಯಲ್ಲಿ ಒಟ್ಟು ಮೊತ್ತ ಮಾತ್ರ ಬರುತ್ತದೆ. ಕೆಲಸ ಇರುವುದು ಒಳಗಿನ ಸಾಲುಗಳಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 7,210 ಕೋಟಿ ರೂಪಾಯಿಗೆ ಒಪ್ಪಿಗೆ ಸಿಕ್ಕಿತು. ಸುದ್ದಿಯಲ್ಲಿ ಮಿಂಚಿದ್ದು ಎಐ, ಬ್ಲಾಕ್‌ಚೈನ್. ಅವೆರಡಕ್ಕೂ ಸೇರಿ ಇಟ್ಟದ್ದು 53.57 ಕೋಟಿ. ಹಳೆ ಕಡತಗಳನ್ನು ಸ್ಕ್ಯಾನ್ ಮಾಡಿ ಜೋಪಾನ ಮಾಡುವ ಕೆಲಸಕ್ಕೆ ಎಷ್ಟು ಗೊತ್ತೇ? 2,038.40 ಕೋಟಿ! ಸುಮಾರು 38 ಪಟ್ಟು.

ಹೊಸ ಐಡಿಯಾ ಇದೆ ಎನ್ನುವವರು ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಸರ್ಕಾರದ ದುಡ್ಡು ಹೆಚ್ಚಾಗಿ ಇರುವುದು ಹೊಳೆಯುವ ಕೆಲಸದಲ್ಲಿ ಅಲ್ಲ, ದೂಳು ಹಿಡಿದ ಕೆಲಸದಲ್ಲಿ. ಕರ್ನಾಟಕದ ಕಂದಾಯ ಇಲಾಖೆ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮ್‌ಗಳನ್ನು ಸ್ಕ್ಯಾನ್ ಮಾಡಿಸುವ "ಭೂ ಸುರಕ್ಷಾ" ಕೆಲಸವೂ ಇಂಥದ್ದೇ. ಮುಟ್ಟಿದರೆ ಪುಡಿಯಾಗುವ ಹಾಳೆ, ಮೋಡಿ ಅಕ್ಷರ, ಮಸಿ ಆರಿಹೋದ ಸಾಲು. ಇಂಥದ್ದನ್ನು ಓದಿ ಸೂಚಿ ಮಾಡಿಕೊಡುವ ಸಲಕರಣೆ ಯಾರಾದರೂ ಮಾಡಿದರೆ ಗಿರಾಕಿ ಹುಡುಕಿಕೊಂಡು ಹೋಗಬೇಕಾಗಿಲ್ಲ.

ಇನ್ನೊಂದು ದಾರಿ ಸಾಲದ್ದು, ಆದರೆ ಬಡ್ಡಿ ಇಲ್ಲದ ಸಾಲ. ರಾಜ್ಯಗಳ ಬಂಡವಾಳ ವೆಚ್ಚಕ್ಕೆ ಕೇಂದ್ರ ಕೊಡುವ 50 ವರ್ಷದ ಬಡ್ಡಿರಹಿತ ಸಾಲ 2020-21ರಲ್ಲಿ 12,000 ಕೋಟಿಯಿಂದ ಶುರುವಾಗಿ ಒಂದೆರಡು ವರ್ಷದಲ್ಲೇ ಲಕ್ಷ ಕೋಟಿ ದಾಟಿತು. ಇದರಲ್ಲಿ ಒಂದಷ್ಟನ್ನು "ಈ ಸುಧಾರಣೆ ಮಾಡಿದರೆ ಇಷ್ಟು" ಎಂದು ಕಟ್ಟಿಹಾಕಿರುತ್ತಾರೆ. 2022-23ರಲ್ಲಿ ಡಿಜಿಟಲ್ ಪಾವತಿಗೆ, ಫೈಬರ್ ಕೇಬಲ್‌ಗೆ ಪಾಲಿತ್ತು. 2024-25ರಲ್ಲಿ ರೈತರ ನೋಂದಣಿ ಪಟ್ಟಿ ತಯಾರಿಸುವ ರಾಜ್ಯಗಳಿಗೆ 5,000 ಕೋಟಿ ಎತ್ತಿಟ್ಟರು. ನಮ್ಮಲ್ಲಿ ಅದಕ್ಕೂ ಮೊದಲೇ "ಫ್ರೂಟ್ಸ್" ಎಂಬ ರೈತರ ನೋಂದಣಿ ಪಟ್ಟಿ ಇತ್ತು. ಬೆಳೆ ಪರಿಹಾರಕ್ಕೋ ಗೊಬ್ಬರಕ್ಕೋ ಹೋದಾಗ "ಎಫ್ಐಡಿ ಮಾಡಿಸಿದ್ದೀರಾ?" ಅಂತ ಕೇಳುತ್ತಾರಲ್ಲ, ಅದೇ. ಮೊದಲೇ ಕೆಲಸ ಮಾಡಿಟ್ಟುಕೊಂಡವರಿಗೆ ಇಂಥ ಬಾಗಿಲು ತೆರೆದಾಗ ಒಳಗೆ ಹೋಗುವುದು ಸುಲಭ.

ಆದರೆ ಹೆಸರೇ ಹೇಳುವಂತೆ ಇದು ಬಂಡವಾಳ ವೆಚ್ಚದ ದುಡ್ಡು. ಸರ್ವರ್ ಕೊಳ್ಳಬಹುದು, ಸರ್ವರ್ ನೋಡಿಕೊಳ್ಳುವವರಿಗೆ ಸಂಬಳ ಕೊಡಲಾಗದು. ಪಂಚಾಯಿತಿಗಳಿಗೆ ಬರುವ ಹಣಕಾಸು ಆಯೋಗದ ಅನುದಾನದ್ದೂ ಇದೇ ಕಥೆ. 2021ರಿಂದ 2026ರವರೆಗಿನ 15ನೇ ಆಯೋಗದ ಲೆಕ್ಕದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಿತ್ತು, ಉಳಿದ 40 ಭಾಗ ಪಂಚಾಯಿತಿಯ ಇಷ್ಟ. ಇಷ್ಟ ಅಂದರೂ ಅದನ್ನು ಸಂಬಳಕ್ಕೆ, ಕಚೇರಿ ಖರ್ಚಿಗೆ ಬಳಸುವಂತಿರಲಿಲ್ಲ. ಪಂಚಾಯಿತಿ ಕಂಪ್ಯೂಟರ್ ತರಬಹುದು. ಅದರ ಮುಂದೆ ಕೂರುವ ಹುಡುಗಿಗೆ ಕೊಡುವ ದುಡ್ಡನ್ನು ತೆರಿಗೆ ವಸೂಲಿಯಿಂದಲೇ ಹುಡುಕಬೇಕು.

ಗಿರಾಕಿಯ ಜೇಬಿನಿಂದ

ಸರ್ಕಾರದ ಬಳಿ ದುಡ್ಡಿಲ್ಲ, ಖಾಸಗಿಯವರು ಹಾಕಲಿ, ಜನರಿಂದ ಸೇವಾ ಶುಲ್ಕ ತೆಗೆದುಕೊಂಡು ವಾಪಸ್ ಪಡೆಯಲಿ. ಇದು ಮೂರನೇ ದಾರಿ. 2005ರಲ್ಲಿ ಬಂದ ಬೆಂಗಳೂರು ಒನ್ ಹೀಗೆ ಶುರುವಾದದ್ದು. ಕರೆಂಟ್ ಬಿಲ್, ನೀರಿನ ಬಿಲ್, ತೆರಿಗೆ ಎಲ್ಲ ಒಂದೇ ಕಿಟಕಿಯಲ್ಲಿ. 2006ರಲ್ಲಿ ಕೇಂದ್ರ ಹಳ್ಳಿಗಳಲ್ಲಿ ಒಂದು ಲಕ್ಷ ಸಾಮಾನ್ಯ ಸೇವಾ ಕೇಂದ್ರ ತೆರೆಯಲು 5,742 ಕೋಟಿಯ ಯೋಜನೆ ಒಪ್ಪಿತು. ಅದರಲ್ಲಿ ಕೇಂದ್ರದ್ದು 856 ಕೋಟಿ, ರಾಜ್ಯಗಳದ್ದು 793 ಕೋಟಿ. ಉಳಿದದ್ದೆಲ್ಲ ಖಾಸಗಿಯವರು ಹಾಕಬೇಕಾದದ್ದು. ಅಂದರೆ ಹತ್ತರಲ್ಲಿ ಏಳು ರೂಪಾಯಿಗೂ ಜಾಸ್ತಿ.

ನಗರದಲ್ಲಿ ಗಿರಾಕಿ ಸಾಲಿನಲ್ಲಿ ನಿಂತಿರುತ್ತಾನೆ, ಈ ಲೆಕ್ಕ ಕೂಡುತ್ತದೆ. ಹೋಬಳಿಯಲ್ಲಿ ಅಷ್ಟು ಸುಲಭ ಅಲ್ಲ. 2006ರಲ್ಲೇ ಕರ್ನಾಟಕ ಸುಮಾರು 800 ಹೋಬಳಿಗಳಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ನೆಮ್ಮದಿ ಕೇಂದ್ರಗಳನ್ನು ತೆರೆಯಿತು. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಹಣಿ ಅಲ್ಲಿ ಸಿಗುತ್ತಿತ್ತು. 2012ರ ಕೊನೆಗೆ ಆ ಕೆಲಸವನ್ನು ಸರ್ಕಾರವೇ ನಾಡಕಚೇರಿಗಳಿಗೆ ತಂದು ಅಟಲ್‌ಜೀ ಜನಸ್ನೇಹಿ ಕೇಂದ್ರ ಅಂತ ಹೆಸರಿಟ್ಟಿತು. ಮತ್ತೆ 2022ರ ಜನವರಿ 26ರಂದು ಗ್ರಾಮ ಒನ್ ಬಂತು. ಈ ಸಲ ದೊಡ್ಡ ಕಂಪನಿ ಬದಲು ಊರಿನವರಿಗೇ ಫ್ರಾಂಚೈಸಿ. ಕೊಠಡಿ, ಕಂಪ್ಯೂಟರ್, ಪ್ರಿಂಟರ್ ನಡೆಸುವವರದ್ದು. ಪ್ರತಿ ಅರ್ಜಿಗೆ ಇಷ್ಟು ಅಂತ ಕಮಿಷನ್.

ಹೋಬಳಿಯ ಇಂಥದೊಂದು ಸೇವಾ ಕೇಂದ್ರ ನಡೆಸುವ ಅಕ್ಕನನ್ನು ಒಮ್ಮೆ ಕೇಳಿದೆ, "ಸರ್ಕಾರದವರು ಸಂಬಳ ಕೊಡ್ತಾರಾ?" ಅಂತ. ಅವರು ಡ್ರಾಯರ್ ಎಳೆದು ಒಂದು ನೋಟ್‌ಬುಕ್ ತೋರಿಸಿದರು. ಒಂದು ಕಡೆ ಆ ತಿಂಗಳ ಅರ್ಜಿಗಳು, ಇನ್ನೊಂದು ಕಡೆ ಬಾಡಿಗೆ, ಇಂಟರ್ನೆಟ್, ಟೋನರ್.

"ಶಾಲೆ ಸೇರಿಸೋ ಟೈಮಲ್ಲಿ ಕೈಗೆ ಸಿಗುತ್ತೆ ಅಣ್ಣ, ಜಾತಿ-ಆದಾಯಕ್ಕೆ ಕ್ಯೂ ಇರುತ್ತೆ. ನವೆಂಬರ್, ಡಿಸೆಂಬರ್ ಬಂದ್ರೆ ಜೆರಾಕ್ಸೇ ಗತಿ."

ಸೇವೆಯ ಬೇಡಿಕೆಗೆ ಹಂಗಾಮು ಇದೆ, ಬಾಡಿಗೆಗೆ ಇಲ್ಲ. ಡಿಪಿಆರ್ ಎಂಬ ಯಾವ ಯೋಜನಾ ವರದಿಯಲ್ಲೂ ಈ ಸಾಲನ್ನು ನಾನು ಕಂಡಿಲ್ಲ.

ಗಿರಾಕಿಯ ಬದಲು ಸರ್ಕಾರವೇ ಎಣಿಸಿ ದುಡ್ಡು ಕೊಡುವ ರೀತಿಯೂ ಒಂದಿದೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ 2022ರಲ್ಲಿ ಐದು ವರ್ಷಕ್ಕೆ 1,600 ಕೋಟಿ ಒಪ್ಪಿದರು. ಅದರಡಿ 2023ರ ಜನವರಿಯಿಂದ ಡಿಜಿಟಲ್ ಆರೋಗ್ಯ ಪ್ರೋತ್ಸಾಹ ಯೋಜನೆ ಬಂತು. ಆಸ್ಪತ್ರೆ ಅಥವಾ ಲ್ಯಾಬ್ ರೋಗಿಯ ದಾಖಲೆಯನ್ನು ಆಭಾ ಎಂಬ ಆರೋಗ್ಯ ಗುರುತಿನ ನಂಬರಿಗೆ ಜೋಡಿಸಿದರೆ, ಒಂದು ಮಟ್ಟ ದಾಟಿದ ಮೇಲೆ ಪ್ರತಿ ದಾಖಲೆಗೆ ಇಷ್ಟು ರೂಪಾಯಿ ಅಂತ ಕೊಡುವ ಏರ್ಪಾಡು. ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಗೂ ಪಾಲಿತ್ತು. ಗರಿಷ್ಠ ಮಿತಿ 4 ಕೋಟಿ ಎಂದು ಪ್ರಕಟಿಸಿದ್ದರು. ನನಗೆ ಇದು ಹಿಡಿಸುತ್ತದೆ. ಯಂತ್ರ ಕೊಳ್ಳಲು ದುಡ್ಡು ಕೊಟ್ಟು ಉದ್ಘಾಟನೆಯ ಫೋಟೋ ತೆಗೆಯುವುದಕ್ಕಿಂತ, ಕೆಲಸ ನಡೆದ ಮೇಲೆ ಎಣಿಸಿ ಕೊಡುವುದು ವಾಸಿ. ಆದರೆ ಎಣಿಕೆ ಇರುವ ಕಡೆ ಸುಳ್ಳು ಎಣಿಕೆಯ ಆಸೆಯೂ ಹುಟ್ಟುತ್ತದೆ, ಅಲ್ವಾ? ಅದನ್ನು ಹಿಡಿಯಲು ಮತ್ತೊಂದು ವ್ಯವಸ್ಥೆ ಬೇಕು.

ಸ್ಟಾರ್ಟಪ್ ಹುಡುಗರಿಗೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯ ಮೂವರು ಗೆಳೆಯರು ಸೇರಿ ಪಂಚಾಯಿತಿಯ ನೀರಿನ ಬಿಲ್‌ಗೆ ಒಂದು ಆ್ಯಪ್ ಮಾಡಿದ್ದಾರೆ ಅಂದುಕೊಳ್ಳಿ. ನೀರುಗಂಟಿ ಮನೆಮನೆಗೆ ಹೋಗಿ ಮೀಟರ್ ಫೋಟೋ ತೆಗೆದರೆ ಬಿಲ್ ಬರುತ್ತದೆ. ಇವರಿಗೆ ದುಡ್ಡು ಎಲ್ಲಿದೆ?

ಮೊದಲ ಬಾಗಿಲು ರಾಜ್ಯದ ಸ್ಟಾರ್ಟಪ್ ಸ್ಪರ್ಧೆ "ಎಲಿವೇಟ್". 2017ರಿಂದ ನಡೆಯುತ್ತಿದೆ. ಗೆದ್ದವರಿಗೆ 50 ಲಕ್ಷದವರೆಗೆ ಅನುದಾನ. ಇದು ಸಾಲ ಅಲ್ಲ, ಸರ್ಕಾರ ಬದಲಿಗೆ ಕಂಪನಿಯ ಷೇರನ್ನೂ ಕೇಳುವುದಿಲ್ಲ. 50 ಲಕ್ಷ ಎಂಬುದು ಮೇಲಿನ ಮಿತಿ, ಎಲ್ಲರಿಗೂ ಅಷ್ಟು ಸಿಗುತ್ತದೆ ಅಂತ ಅಲ್ಲ.

ಎರಡನೆಯದು ಕೇಂದ್ರದ ಸ್ಟಾರ್ಟಪ್ ಇಂಡಿಯಾ ಬೀಜ ನಿಧಿ. 2021ರಲ್ಲಿ ನಾಲ್ಕು ವರ್ಷಕ್ಕೆ 945 ಕೋಟಿ ಇಟ್ಟು ಶುರು ಮಾಡಿದ್ದು. ಇದರಲ್ಲಿ ಸರ್ಕಾರ ನೇರವಾಗಿ ಕಂಪನಿಗೆ ಕೊಡುವುದಿಲ್ಲ. ಹೊಸ ಕಂಪನಿಗಳನ್ನು ಕೈಹಿಡಿದು ಬೆಳೆಸುವ ಇನ್‌ಕ್ಯುಬೇಟರ್‌ಗಳಿಗೆ ಕೊಡುತ್ತದೆ, ಅವರು ಆರಿಸುತ್ತಾರೆ. ಐಡಿಯಾ ಸಾಬೀತು ಮಾಡಲು, ಮಾದರಿ ತಯಾರಿಸಲು 20 ಲಕ್ಷದವರೆಗೆ ಅನುದಾನ. ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲ ಅಥವಾ ಮುಂದೆ ಷೇರಾಗಬಲ್ಲ ಸಾಲಪತ್ರ. ಅರ್ಜಿ ಹಾಕುವಾಗ ಕಂಪನಿ ಹುಟ್ಟಿ ಎರಡು ವರ್ಷ ದಾಟಿರಬಾರದು, ಸ್ಟಾರ್ಟಪ್ ಎಂಬ ಮಾನ್ಯತೆ ಇರಬೇಕು, ಬೇರೆ ಸರ್ಕಾರಿ ಯೋಜನೆಯಿಂದ 10 ಲಕ್ಷಕ್ಕಿಂತ ಜಾಸ್ತಿ ಪಡೆದಿರಬಾರದು. ಈ ಕೊನೆಯ ಷರತ್ತನ್ನು ಓದದೆ ಎಡವುವವರಿದ್ದಾರೆ. ಮೊದಲು ದೊಡ್ಡ ಅನುದಾನ ತೆಗೆದುಕೊಂಡು ಆಮೇಲೆ ಇಲ್ಲಿಗೆ ಬಂದರೆ ಬಾಗಿಲು ಮುಚ್ಚಿರುತ್ತದೆ. ಯಾವುದಕ್ಕೆ ಮೊದಲು ಅರ್ಜಿ ಹಾಕಬೇಕು ಎಂಬ ಸರದಿಯೂ ಮುಖ್ಯ. ಇಂಥ ಯೋಜನೆಗಳ ಅವಧಿ ಮುಗಿಯುತ್ತದೆ, ಮತ್ತೆ ಬೇರೆ ರೂಪದಲ್ಲಿ ಬರುತ್ತದೆ. ಹಾಗಾಗಿ ಅರ್ಜಿ ಬರೆಯಲು ಕೂರುವ ಮೊದಲು ಕಿಟಕಿ ತೆರೆದಿದೆಯಾ ಅಂತ ವೆಬ್‌ಸೈಟ್‌ನಲ್ಲೇ ನೋಡಿಕೊಳ್ಳಿ. ವಾಟ್ಸಾಪ್‌ನಲ್ಲಿ ಓಡಾಡುವ ಪಟ್ಟಿ ನಂಬಬೇಡಿ.

ಸರಿ, ಅನುದಾನ ಬಂತು. ಎರಡು ಪಂಚಾಯಿತಿಗಳಲ್ಲಿ ಪ್ರಯೋಗ ನಡೆಯಿತು. ಪಿಡಿಒ ಖುಷಿಯಾದರು. ಪೇಪರಿನಲ್ಲೂ ಬಂತು. ಈಗ ಗೆಳೆಯರು ಜಿಲ್ಲಾ ಪಂಚಾಯಿತಿಗೆ ಹೋಗಿ "ಎಲ್ಲ ಕಡೆ ಹಾಕೋಣ ಸಾರ್" ಅನ್ನುತ್ತಾರೆ. ಅಲ್ಲಿಂದ ಬರುವ ಉತ್ತರ ಒಂದೇ: "ತುಂಬಾ ಚೆನ್ನಾಗಿದೆ. ಟೆಂಡರ್ ಕರೀತೀವಿ, ಭಾಗವಹಿಸಿ."

ಇಲ್ಲಿ ಕಥೆ ತಿರುಗುತ್ತದೆ. ಅನುದಾನ ಕೊಟ್ಟ ಇಲಾಖೆ ಬೇರೆ, ಕೊಳ್ಳುವ ಇಲಾಖೆ ಬೇರೆ. ಸರ್ಕಾರವೇ ದುಡ್ಡು ಕೊಟ್ಟು ಬೆಳೆಸಿದ್ದು ಎಂಬ ಕಾರಣಕ್ಕೆ ಸರ್ಕಾರ ಅದನ್ನು ಕೊಳ್ಳಬೇಕು ಅಂತೇನೂ ಇಲ್ಲ. ಕರ್ನಾಟಕದಲ್ಲಿ ಖರೀದಿ ನಡೆಯುವುದು 1999ರ ಪಾರದರ್ಶಕತೆ ಕಾಯ್ದೆಯಂತೆ, ಎಲ್ಲರೂ ಬಾಯಿಮಾತಿನಲ್ಲಿ ಕೆಟಿಪಿಪಿ ಅನ್ನುತ್ತಾರೆ. ಟೆಂಡರ್‌ನಲ್ಲಿ ಹಿಂದಿನ ಮೂರು ವರ್ಷದ ವಹಿವಾಟು ಕೇಳುತ್ತಾರೆ, ಇಂಥದೇ ಕೆಲಸ ಮಾಡಿದ ಅನುಭವ ಕೇಳುತ್ತಾರೆ, ಇಎಂಡಿ ಎಂಬ ಮುಂಗಡ ಠೇವಣಿ ಕೇಳುತ್ತಾರೆ. ಕೊನೆಗೆ ಕಡಿಮೆ ದರ ಬರೆದವರಿಗೆ ಕೆಲಸ, ಅದೇ ಎಲ್-1. ಮೂವರು ಗೆಳೆಯರು ತಯಾರಿಸಿದ ಆ್ಯಪ್‌ನ ವಿವರವನ್ನೇ ಟೆಂಡರ್‌ಗೆ ಹಾಕಿ, ಅದನ್ನು ಇನ್ಯಾರೋ ಗೆದ್ದುಕೊಂಡು ಹೋಗುವುದೂ ಆಗಬಹುದು.

ಕೇಂದ್ರದ 2017ರ ಹಣಕಾಸು ನಿಯಮಗಳಲ್ಲಿ ಇದಕ್ಕೆ ಸ್ವಲ್ಪ ಪರಿಹಾರ ಇದೆ. ಗುಣಮಟ್ಟ ಸರಿ ಇದ್ದರೆ ಸ್ಟಾರ್ಟಪ್‌ಗಳಿಗೆ ಹಿಂದಿನ ವಹಿವಾಟು, ಅನುಭವದ ಷರತ್ತನ್ನು ಸಡಿಲಿಸಬಹುದು. ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಇಎಂಡಿ ವಿನಾಯಿತಿ ಕೂಡ ಇದೆ. ಕರ್ನಾಟಕದ ಕಾಯ್ದೆಯಲ್ಲೂ ಸರ್ಕಾರ ಟೆಂಡರ್‌ನಿಂದ ವಿನಾಯಿತಿ ಕೊಡಲು 4(ಜಿ) ಎಂಬ ಕಲಂ ಇದೆ. ಆದರೆ "ಸಡಿಲಿಸಬಹುದು" ಅನ್ನುವುದಕ್ಕೂ "ಸಡಿಲಿಸಬೇಕು" ಅನ್ನುವುದಕ್ಕೂ ನಡುವೆ ಒಬ್ಬ ಅಧಿಕಾರಿಯ ಸಹಿ ಇದೆ. ನಾಳೆ ಆಡಿಟ್‌ನವರು "ಯಾಕೆ ಸಡಿಲಿಸಿದಿರಿ?" ಅಂತ ಕೇಳಿದರೆ ಉತ್ತರ ಹೇಳಬೇಕಾದದ್ದು ಅವರೇ. ಸಹಿ ಹಾಕದಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಾನು ಅವರ ಜಾಗದಲ್ಲಿದ್ದರೂ ಎರಡು ಸಲ ಯೋಚಿಸುತ್ತಿದ್ದೆ.

ಹಾಗಾಗಿ ಪ್ರಯೋಗಕ್ಕೆ ಇಳಿಯುವ ಮೊದಲೇ ಇಲಾಖೆಯವರ ಜೊತೆ ಒಂದು ಕಾಗದ ಮಾಡಿಕೊಳ್ಳುವುದು ಒಳ್ಳೆಯದು. ಪ್ರಯೋಗ ಗೆದ್ದಿತು ಅನ್ನಲು ಏನು ಅಳತೆ, ಗೆದ್ದರೆ ಮುಂದೆ ಯಾವ ದಾರಿಯಲ್ಲಿ ಕೊಳ್ಳುತ್ತೀರಿ, ಆ ದುಡ್ಡು ಯಾವ ಹೆಡ್‌ನಲ್ಲಿದೆ. ಕೇಳಲು ಸಂಕೋಚ ಆಗುತ್ತದೆ, ನಿಜ. ಆದರೆ ಕೇಳದಿದ್ದರೆ ಆ್ಯಪ್ ಎರಡು ಪಂಚಾಯಿತಿಯಲ್ಲೇ ಮುದುಕಾಗುತ್ತದೆ.

ದಾನದ ದುಡ್ಡು, ಬಿಟ್ಟಿ ಕೋಡ್

ಇನ್ನೊಂದು ದಾರಿ ಬೆಂಗಳೂರಿನಲ್ಲೇ ಬೆಳೆದದ್ದು. 2003ರಲ್ಲಿ ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ ಇ-ಗವರ್ನಮೆಂಟ್ಸ್ ಫೌಂಡೇಶನ್ ಶುರು ಮಾಡಿದರು. ನಗರಸಭೆಗಳಿಗೆ ಬೇಕಾದ ಆಸ್ತಿ ತೆರಿಗೆ, ದೂರು, ಪರವಾನಗಿ ಮುಂತಾದವಕ್ಕೆ ಸಾಫ್ಟ್‌ವೇರ್ ಮಾಡುವುದು, ದಾನಿಗಳ ದುಡ್ಡಿನಿಂದ. ಅವರ "ಡಿಜಿಟ್" ಎಂಬ ತಳಹದಿಯ ಕೋಡ್ ಎಲ್ಲರಿಗೂ ತೆರೆದಿದೆ. 2018ರಲ್ಲಿ ಬೆಂಗಳೂರಿನ ಐಐಐಟಿಯಲ್ಲಿ "ಮೋಸಿಪ್" ಹುಟ್ಟಿತು. ಯಾವ ದೇಶವಾದರೂ ತೆಗೆದುಕೊಂಡು ತನ್ನ ಜನರಿಗೆ ಗುರುತಿನ ಚೀಟಿ ಕೊಡಬಹುದಾದ ಸಾಫ್ಟ್‌ವೇರ್. ಗೇಟ್ಸ್ ಫೌಂಡೇಶನ್, ಟಾಟಾ ಟ್ರಸ್ಟ್ಸ್, ಒಮಿಡ್ಯಾರ್ ನೆಟ್‌ವರ್ಕ್ ಅದಕ್ಕೆ ದುಡ್ಡು ಹಾಕಿದವು. ಫಿಲಿಪ್ಪೀನ್ಸ್, ಮೊರೊಕ್ಕೊ, ಇಥಿಯೋಪಿಯಾ ಅದನ್ನು ಬಳಸುತ್ತಿವೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಬರೆದ ಕೋಡ್ ಮನಿಲಾದಲ್ಲಿ ಕೆಲಸ ಮಾಡುತ್ತಿದೆ.

ದಾನಿಗಳ ದುಡ್ಡಿನ ಸುಖ ಏನೆಂದರೆ ಟೆಂಡರ್ ಇಲ್ಲ, ಮಾರ್ಚ್ ಎಂಡ್ ಇಲ್ಲ, ಸೋತರೂ ಆಡಿಟ್‌ನವರ ಆಕ್ಷೇಪ ಬರುವುದಿಲ್ಲ. ತೊಂದರೆ ಏನೆಂದರೆ ಅವರು ತಳಹದಿ ಕಟ್ಟಲು ಕೊಡುತ್ತಾರೆ, ನಿಮ್ಮೂರಿನ ನಗರಸಭೆಯಲ್ಲಿ ಹತ್ತು ವರ್ಷ ನಡೆಸಲು ಕೊಡುವುದಿಲ್ಲ. ಬಿಟ್ಟಿ ಸಾಫ್ಟ್‌ವೇರ್ ಅಂದರೆ ಬಿಟ್ಟಿ ನಾಯಿಮರಿ ಇದ್ದ ಹಾಗೆ. ತರುವಾಗ ಖರ್ಚಿಲ್ಲ, ಸಾಕಲು ಇದೆ. ಸಾಕುವ ಕೆಲಸದಲ್ಲೇ ಸಣ್ಣ ಕಂಪನಿಗಳಿಗೆ ಜಾಗವಿದೆ. ತೆರೆದ ಕೋಡ್ ತೆಗೆದುಕೊಂಡು, ನಮ್ಮ ಇಲಾಖೆಗೆ ಹೊಂದಿಸಿ, ಕನ್ನಡದಲ್ಲಿ ಸರಿಯಾಗಿ ಕಾಣುವಂತೆ ಮಾಡಿ, ವರ್ಷವರ್ಷ ನೋಡಿಕೊಳ್ಳುವುದು.

ಅಮೆರಿಕದವರು ಹಳೇ ಸಿಸ್ಟಂ ಸಾಕುವ ಖರ್ಚಿನ ಕಗ್ಗಂಟಿಗೆ ಒಂದು ಬೇರೆ ಉಪಾಯ ಹುಡುಕಿದರು. 2017ರ ಕೊನೆಯಲ್ಲಿ ಕಾನೂನು ಮಾಡಿ ತಂತ್ರಜ್ಞಾನ ಆಧುನೀಕರಣ ನಿಧಿ ಅಂತ ಒಂದನ್ನು ಇಟ್ಟರು. ಇಲಾಖೆ ತನ್ನ ಹಳೇ ಸಿಸ್ಟಂ ಬದಲಿಸಲು ಅದರಿಂದ ದುಡ್ಡು ತೆಗೆದುಕೊಳ್ಳಬಹುದಿತ್ತು, ಒಂದೇ ಸಲ ಅಲ್ಲ, ಇಷ್ಟು ಕೆಲಸ ಮುಗಿದರೆ ಇಷ್ಟು ಅಂತ ಕಂತಿನಲ್ಲಿ. ಹೊಸ ಸಿಸ್ಟಂನಿಂದ ಆದ ಉಳಿತಾಯದಿಂದ ಅದನ್ನು ತೀರಿಸಬೇಕಿತ್ತು. ನಮ್ಮ ಸ್ತ್ರೀಶಕ್ತಿ ಸಂಘದ ಸುತ್ತುನಿಧಿಯ ಹಾಗೇ. 2021ರಲ್ಲಿ ಕೊರೋನಾ ಪರಿಹಾರದ ಜೊತೆ ಅದಕ್ಕೆ 100 ಕೋಟಿ ಡಾಲರ್ ಸಿಕ್ಕಿತು. ತೀರಿಸುವ ಷರತ್ತನ್ನು ಆಮೇಲೆ ಸಡಿಲ ಮಾಡಬೇಕಾಯಿತು, ಯಾಕೆಂದರೆ ಒಳ್ಳೆಯ ಸೇವೆಯ ಲಾಭ ಎಷ್ಟೋ ಸಲ ಜನರಿಗೆ ಸೇರುತ್ತದೆ, ಇಲಾಖೆಯ ಪೆಟ್ಟಿಗೆಗೆ ಬೀಳುವುದಿಲ್ಲ.

ಯಾವಾಗ ಹೋಗಬೇಕು

ಕೊನೆಗೆ ಒಂದು ಸಣ್ಣ ವಿಷಯ. ಎಲ್ಲಿ ಕೇಳಬೇಕು ಎಂಬಷ್ಟೇ ಯಾವಾಗ ಕೇಳಬೇಕು ಎಂಬುದೂ ಮುಖ್ಯ. ಜನ ಹೊಸ ಪ್ರಸ್ತಾವ ಹಿಡಿದು ವಿಕಾಸಸೌಧದ ಮೆಟ್ಟಿಲು ಹತ್ತುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಬಜೆಟ್ ಬರುತ್ತಿದೆಯಲ್ಲ ಅಂತ. ಅಷ್ಟು ಹೊತ್ತಿಗೆ ಅಡುಗೆ ಮುಗಿದು ಎಲೆ ಹಾಕಿರುತ್ತಾರೆ. ಇಲಾಖೆಗಳು ಮುಂದಿನ ವರ್ಷದ ಅಂದಾಜು ಬರೆದು ಆರ್ಥಿಕ ಇಲಾಖೆಗೆ ಕಳಿಸುವುದು ಹಿಂದಿನ ಕ್ಯಾಲೆಂಡರ್ ವರ್ಷದ ಕೊನೆಯ ತಿಂಗಳುಗಳಲ್ಲಿ. ದಸರಾ ಆಸುಪಾಸಿನಲ್ಲಿ ನಿಮ್ಮ ಎರಡು ಪುಟದ ಟಿಪ್ಪಣಿ ಇಲಾಖೆಯ ಯೋಜನಾ ಶಾಖೆಯ ಟೇಬಲ್ ಮೇಲೆ ಇದ್ದರೆ ಅದು ಒಂದು ಸಾಲಾಗಿ ಒಳಗೆ ಸೇರಬಹುದು. ತಪ್ಪಿಹೋದರೆ ವರ್ಷದ ನಡುವೆ ಪೂರಕ ಅಂದಾಜು ಎಂಬ ಇನ್ನೊಂದು ಬಸ್ ಇದೆ. ಅದರಲ್ಲಿ ಸೀಟು ಕಡಿಮೆ.

ಆ ಎರಡು ಪುಟದಲ್ಲಿ ಒಂದು ಪಟ್ಟಿ ಇರಲಿ. ಮೊದಲ ವರ್ಷ ಎಷ್ಟು, ಎರಡನೇ ವರ್ಷ ಎಷ್ಟು ಅಂತ ಎಲ್ಲರೂ ಬರೆಯುತ್ತಾರೆ. ನೀವು ಐದನೇ ವರ್ಷದವರೆಗೂ ಬರೆಯಿರಿ. ಎಎಂಸಿ ಎಷ್ಟು, ಸರ್ವರ್ ಬಾಡಿಗೆ ಎಷ್ಟು, ಕೂರುವ ಹುಡುಗಿಯ ಸಂಬಳ ಎಷ್ಟು, ಅದು ಯಾವ ಹೆಡ್‌ನಿಂದ. ಓದುವ ಅಧಿಕಾರಿ ಮೊದಲು "ಖರ್ಚು ಜಾಸ್ತಿ ಆಯ್ತಲ್ಲಾ" ಅನ್ನುತ್ತಾರೆ. ಅನ್ನಲಿ. ವರಾಂಡದಲ್ಲಿ ಕ್ಯಾಲೆಂಡರ್ ಹೊತ್ತು ನಿಂತ ಯಂತ್ರ ಅವರ ಕಚೇರಿಯಲ್ಲೂ ಒಂದಿರುತ್ತದೆ, ಅದನ್ನು ತೋರಿಸಿ.